ಚಿಟ್ಟೆಗೆ ಬಿದ್ದ ಸೂಜಿ

ಪಕ್ಕದ ಲಾಯದಲ್ಲಿ ಮೊದಲು ಒಂದು ಕುದುರೆ ಸೀನಿತು. ಮಾರನೆಯ ದಿನ ನಾಲ್ಕು ಕೆಮ್ಮಿದವು. ಡಾಕ್ಟರಮ್ಮ ಬಂದು ನೋಡಿ, "ವೈರಸ್ ಜ್ವರ. ನಿಮ್ಮ ಲಾಯಕ್ಕೂ ಹರಡೋದಕ್ಕೆ ಮುಂಚೆ ಎಲ್ಲಾ ಕುದುರೆಗೂ ಲಸಿಕೆ ಹಾಕ್ತೀನಿ" ಎಂದರು.

ಯಜಮಾನರು ಹೌಹಾರಿದರು. "ಹಾಕಿ, ಆದ್ರೆ ನಮ್ಮ ಚಿಟ್ಟೆ ಕುದುರೆ ಒಂದನ್ನ ಬಿಡಿ! ಮಧ್ಯಾಹ್ನ ಅವಳ ಓಟ ನೋಡಿ ಕೊಳ್ಳೋಕೆ ಗಿರಾಕಿ ಬರ್ತಿದಾರೆ. ಸೂಜಿ ಬಿದ್ರೆ ಕುದುರೆ ಮಂಕಾಗುತ್ತೆ ಅಂತಾರಲ್ಲ?"

"ಯಾರು ಅಂತಾರೆ?"

"ಎಲ್ಲಾರೂ ಅಂತಾರೆ," ಎಂದ ಲಾಳ ಕಟ್ಟುವ ಮಾವ, ಯಾರೂ ಅವನನ್ನು ಕೇಳದಿದ್ದರೂ. "ನಮ್ಮ ಕಾಲದಲ್ಲಿ ಒಂದು ಕುದುರೆ ಸೂಜಿ ಹಾಕಿಸ್ಕೊಂಡು, ಓಟದ ಮಧ್ಯೆ ನಿಂತು ಹುಲ್ಲು ಮೇಯ್ತು!"

"ಅದು ಸೂಜಿಗೆ ಮುಂಚೆನೂ ಮೇಯ್ತಿತ್ತು, ಬಿಡು ಮಾವ," ಎಂದಳು ಹುಲ್ಲು ಹೊರುವ ಅಕ್ಕ.

ಇದನ್ನೆಲ್ಲ ಮೂಲೆಯಲ್ಲಿ ನಿಂತು ಕೇಳುತ್ತಿದ್ದವನು ಕುದುರೆಗಳಿಗೆ ಮೇವುಣಿಸುವ ಬಕೆಟ್ಟಪ್ಪ. ಮನುಷ್ಯರಿಗೆ ಬಕೆಟ್ ಹಿಡಿದು ಮೇಲೆ ಬಂದವರು ಊರ ತುಂಬ ಇದ್ದರು. ಇವನು ಕುದುರೆಗೆ ಹಿಡಿದು ಇದ್ದಲ್ಲೇ ಉಳಿದಿದ್ದ. ಚಿಟ್ಟೆ ಹುಟ್ಟಿದಾಗಲೇ ತಾಯಿ ಸತ್ತಿತ್ತು. ಸೀಸೆಯಲ್ಲಿ ಹಾಲು ಕುಡಿಸಿ, ತನ್ನ ಕಂಬಳಿ ಹೊದಿಸಿ ಬೆಳೆಸಿದವನು ಇವನೇ. ಅವಳು ಮಾರಾಟವಾಗುತ್ತಾಳೆಂದು ಕೇಳಿದಂದಿನಿಂದ ಅವನು ರಾತ್ರಿ ಅವಳ ಕೋಣೆಯಲ್ಲೇ ಮಲಗುತ್ತಿದ್ದ.

ಸೂಜಿ ಬಿದ್ದರೆ ಮಂಕು. ಮಂಕಾದರೆ ಗಿರಾಕಿ ವಾಪಸ್. ಬಕೆಟ್ಟಪ್ಪನ ಕಿವಿ ನೆಟ್ಟಗಾಯಿತು.

ಯಜಮಾನರು ಅತ್ತ ಹೋದದ್ದೇ ತಡ, ಕೊನೆಯ ಕೋಣೆಯ ಮುದಿ ತಟ್ಟುವನ್ನು, ಆ ಕುಳ್ಳ ಕುದುರೆಯನ್ನು, ಹಿತ್ತಲಿಗೆ ಹೊಡೆದು, ಆ ಜಾಗದಲ್ಲಿ ಚಿಟ್ಟೆಯನ್ನು ನಿಲ್ಲಿಸಿದ. ಅವಳೋ ತಮ್ಮನ ಅಂಗಿ ತೊಟ್ಟ ಅಕ್ಕನ ಹಾಗೆ ಅದರೊಳಗೆ ಇರುಕಿಕೊಂಡು ನಿಂತಳು. ಡಾಕ್ಟರಮ್ಮ ಬಂದರು, ಒಮ್ಮೆ ಕುದುರೆಯನ್ನೂ ಒಮ್ಮೆ ಇವನನ್ನೂ ನೋಡಿದರು, ಸೂಜಿ ಚುಚ್ಚಿ ಹೋದರು. ಚಿಟ್ಟೆ ಮಿಸುಕಲಿಲ್ಲ. ಕಣ್ಣು ಮುಚ್ಚಿಕೊಂಡವನು ಬಕೆಟ್ಟಪ್ಪ.

ಮಧ್ಯಾಹ್ನ ಕೋಲೂರಿಕೊಂಡು ಗಿರಾಕಿ ಬಂದರು. ಸವಾರ ಚಿಟ್ಟೆಯನ್ನು ಓಡಿಸಿದ. ಅವಳು ನಾಲ್ಕು ಹೆಜ್ಜೆ ಹಾಕಿ, ಯಾರನ್ನೋ ಹುಡುಕುವವಳಂತೆ ತಿರುಗಿ ತಿರುಗಿ ನೋಡುತ್ತ ಸಾಗಿದಳು.

"ಕುದುರೆನೋ ಕತ್ತೆನೋ ಇದು?" ಎಂದು ನಕ್ಕ ಲಾಳದ ಮಾವ. ಎಲ್ಲರೂ ನಕ್ಕರು.

ಬಕೆಟ್ಟಪ್ಪ ಬಯಸಿದ್ದು ಇದನ್ನೇ. ಆದರೆ ಆ ನಗುವನ್ನು ಅವನಿಂದ ಸಹಿಸಲಾಗಲಿಲ್ಲ. ತಾನು ಸಾಕಿದ ಮಗಳನ್ನು ಕತ್ತೆ ಅನ್ನುವುದೆಂದರೆ! ಯೋಚಿಸುವಷ್ಟರಲ್ಲಿ ಕೈಯೇ ಬಕೆಟ್ ಎತ್ತಿ ಢಣಢಣ ಬಾರಿಸಿತ್ತು. "ಬಾರೇ ಚಿಟ್ಟೇ! ಬಾರೇ ತಾಯೀ!"

ಚಿಟ್ಟೆ ಕಿವಿ ನಿಮಿರಿಸಿದಳು. ಆಮೇಲೆ ಕಂಡದ್ದು ಧೂಳು ಮಾತ್ರ. ಸವಾರನ ಟೋಪಿ ಒಂದು ಕಡೆ, ಸವಾರನ ಧೈರ್ಯ ಇನ್ನೊಂದು ಕಡೆ. ಬಂದು ನಿಂತವಳು ಮೂತಿಯನ್ನು ನೇರವಾಗಿ ಬಕೆಟ್ಟಿಗೆ ಇಳಿಸಿದಳು.

"ಅಬ್ಬಾ! ಈಕೆ ನಂಗೆ ಬೇಕು," ಎಂದರು ಗಿರಾಕಿ. "ಲಸಿಕೆ ಆಗಿದೆ ತಾನೆ? ಪಕ್ಕದಲ್ಲಿ ಕೆಮ್ಮು ಕೇಳಿಸ್ತಿದೆ."

"ಒಂದು ಸೂಜಿನೂ ಮುಟ್ಸಿಲ್ಲ ಸ್ವಾಮಿ!" ಎಂದರು ಯಜಮಾನರು ಎದೆಯುಬ್ಬಿಸಿ.

ಗಿರಾಕಿ ಹೊರಡಲು ಕೋಲು ತಿರುಗಿಸಿದರು. "ಹಾಗಾದ್ರೆ ಬೇಡ. ಲಸಿಕೆಗೆ ಹೆದರೋರ ಹತ್ರ ನಾನು ಕುದುರೆ ಕೊಳ್ಳಲ್ಲ."

ಬಕೆಟ್ಟಪ್ಪನಿಗೆ ಹೋದ ಉಸಿರು ಬಂತು. ಚಿಟ್ಟೆಯ ಕುತ್ತಿಗೆ ತಬ್ಬಿಕೊಂಡ.

"ಒಂದ್ನಿಮಿಷ," ಎನ್ನುತ್ತ ಡಾಕ್ಟರಮ್ಮ ಬಂದರು. "ಬೆಳಿಗ್ಗೆ ನಾನೇ ಹಾಕಿದೀನಲ್ಲ! ತಟ್ಟುವಿನ ಕೋಣೆಲಿ ಇದ್ಲು. ತಟ್ಟು ಯಾವ್ದು, ಚಿಟ್ಟೆ ಯಾವ್ದು ಗೊತ್ತಾಗ್ದೇ ಇರೋಕೆ ನಾನೇನು ಕುರುಡಿನಾ? ಕೊನೆಗೂ ಯಜಮಾನರಿಗೆ ಬುದ್ಧಿ ಬಂತು ಅಂದ್ಕೊಂಡೆ."

ಯಜಮಾನರ ಬಾಯಿ ತೆರೆಯಿತು, ಗಿರಾಕಿಯ ಮುಖ ನೋಡಿ ಮುಚ್ಚಿತು. "ಹೂಂ... ನಾನೇ ಹೇಳಿದ್ದು!" ಎಂದರು. ಗಿರಾಕಿ ನಕ್ಕು ಕೈ ಕುಲುಕಿದರು. ವ್ಯಾಪಾರ ಮುಗಿಯಿತು.

ಎಲ್ಲರೂ ಹೋದ ಮೇಲೆ ಡಾಕ್ಟರಮ್ಮ ಬಕೆಟ್ಟಪ್ಪನ ಹೆಗಲು ತಟ್ಟಿದರು. "ಒಂದು ತಿಂಗಳು ಬಿಟ್ಟು ಎರಡನೇ ಸೂಜಿ ಇದೆ. ಅದಾದ ಮೇಲೇನೆ ಕರ್ಕೊಂಡು ಹೋಗೋದು."

ಅವನು ಕಣ್ಣೊರೆಸಿಕೊಂಡು ಕೇಳಿದ, "ಆ ಎರಡನೇದಕ್ಕೆ ಮಂಕಾಗ್ತಾಳಾ ಡಾಕ್ಟ್ರಮ್ಮಾ?"

"ಇಲ್ಲಪ್ಪ."

"ಒಂಚೂರೂ?"

ಡಾಕ್ಟರಮ್ಮ ನಕ್ಕು ಚೀಲ ಎತ್ತಿಕೊಂಡು ಹೊರಟರು. ಚಿಟ್ಟೆ ಮಾತ್ರ ಖಾಲಿ ಬಕೆಟ್ಟನ್ನು ಅವನ ಮೊಣಕಾಲಿಗೆ ತಳ್ಳಿ, ಇನ್ನೂ ಕೊಡು ಎಂಬಂತೆ ನೋಡಿದಳು.