ಐದೂವರೆಯ ಚೀಟಿ

ವಿಶ್ವೇಶ ಮೇಜಿನ ಕೆಳಗೆ ನುಗ್ಗಿ ಪ್ರಿಂಟರಿನ ವಯರನ್ನು ಮೆಲ್ಲಗೆ ಎಳೆದ.

“ಎಂತ ವಿಶ್ವೇಶಣ್ಣ, ಅಡಿಯಲ್ಲಿ ಎಂತ ಉಂಟು?” ಪಕ್ಕದ ಮೇಜಿನ ಅಝರ್ ಬಗ್ಗಿ ನೋಡಿದ.

“ಪೆನ್ನು ಬಿತ್ತು ಮಾರಾಯ.”

ಹಡಗಿಗೆ ಹೋಗಬೇಕಾದ ಗೋಡಂಬಿಯ ಕಾಗದಪತ್ರಗಳು ಪ್ರಿಂಟರಿನ ಹೊಟ್ಟೆಯಲ್ಲೇ ಉಳಿದವು. ಇನ್ನು ಏಳೂವರೆಗೆ ಮೊದಲು ಯಾರೂ ಬಲ್ಮಠದ ಈ ಕಚೇರಿ ಬಿಡುವಂತಿಲ್ಲ ಎಂದು ವಿಶ್ವೇಶ ಹಾಯಾಗಿ ಉಸಿರುಬಿಟ್ಟ.

ತಪ್ಪು ಅವನದೇ. ಬೆಳಿಗ್ಗೆ ಮ್ಯಾನೇಜರ್ ಸಬೀನಾ ಮೇಡಂ ಒಂದೊಂದು ಚೀಟಿ ಕೊಟ್ಟು, “ನಿಮ್ಮ ನಿಮ್ಮ ಸ್ವಂತ ಆಸೆ ಬರೆಯಿರಿ. ಎಲ್ಲರ ಆಸೆಯೂ ಒಂದೇ ಆದ್ರೆ ಕೆಲಸ ಹೇಗೆ ನಡೀತದೆ ನೋಡುವ” ಎಂದಿದ್ದರು. ಏನೂ ಹೊಳೆಯದೆ ಅವನು, ಶಾಲೆಯ ಹಳೆಯ ಚಾಳಿಯಂತೆ, ಅಝರನ ಚೀಟಿ ನೋಡಿ ಬರೆದ: ‘ಐದೂವರೆಗೆ ಮನೆಗೆ ಹೊರಡಬೇಕು.’ ಎದುರು ಮೇಜಿನ ಸಿಂಧು ಬರೆದದ್ದೂ ಅದನ್ನೇ. ಹಾಗಾದರೆ ಕೆಲಸ ಮುಗಿಸಿ ಇವತ್ತೇ ಐದೂವರೆಗೆ ಹೊರಡಿ ಎಂದುಬಿಟ್ಟರು ಮೇಡಂ.

ಆದರೆ ಕದ್ರಿಯ ಮನೆಯಲ್ಲಿ ಆರರಿಂದ ಏಳೂವರೆಯವರೆಗೆ ಹೆಂಡತಿ ಮುಕ್ತಾಳ ಚೆಂಡೆ ತರಗತಿ. ಹನ್ನೆರಡು ಮಕ್ಕಳು, ಹನ್ನೆರಡು ಚೆಂಡೆ, ಒಂದೇ ಹಾಲ್. ಬೇಗ ಬಂದ ದಿನ ಅವನ ಕೈಗೆ ತಾಳ ಕೊಟ್ಟು ಮೂಲೆಯಲ್ಲಿ ಕೂರಿಸುತ್ತಿದ್ದಳು. ಮರುದಿನವೂ ತಲೆ ಖಾಲಿ ಡಬ್ಬದಂತೆ ಮೊಳಗುತ್ತಿತ್ತು. ಕಚೇರಿಯ ಕೆಲಸ ಎಂದೂ ಬೇಗ ಮುಗಿಯದಿರುವುದೇ ಅವನ ಭಾಗ್ಯ.

“ಪ್ರಿಂಟರ್ ಹೋಯ್ತಾ? ಹೋಗ್ಲಿ,” ಎಂದಳು ಸಿಂಧು. “ಮಾಲು ತಗೊಳ್ಳುವ ಪಾರ್ಟಿಯವರಿಗೆ ಸೀದಾ ಮೇಲ್ ಮಾಡುವ. ಮೇಲ್ ಸಾಕಾ ಅಂತ ಇಷ್ಟು ದಿನ ನಾವು ಕೇಳಿಯೇ ಇರ್ಲಿಲ್ಲ.” ಒಂದು ಗಂಟೆಯ ಕೆಲಸ ಹತ್ತು ನಿಮಿಷದಲ್ಲಿ ಮುಗಿಯಿತು.

ವಿಶ್ವೇಶ ಫೈಲೊಂದನ್ನು ಕಪಾಟಿನ ಹಿಂದೆ ಬೀಳಿಸಿದ. ಹುಡುಕಹೋದ ಅಝರನಿಗೆ ಹೋದ ತಿಂಗಳು ಕಳೆದಿದ್ದ ಸೀಲು ಅಲ್ಲೇ ಸಿಕ್ಕಿತು. ವಿಶ್ವೇಶ ಬೇಕೆಂದೇ ಹಡಗಿನ ಹೆಸರು ತಪ್ಪು ಬರೆದ. ತಿದ್ದಲು ಬಂದ ಸಿಂಧು, “ನಿಮಗೆ ಸುಸ್ತಾಗಿದೆ, ಇತ್ಲಾಗಿ ಕೊಡಿ” ಎಂದು ಅವನ ಪಾಲಿನ ಅರ್ಧ ಕೆಲಸವನ್ನೂ ಮುಗಿಸಿಬಿಟ್ಟಳು. ಇಷ್ಟು ದಿನ ತಂತಮ್ಮ ಮೇಜಿಗೆ ಬೇಲಿ ಹಾಕಿ ಕೂರುತ್ತಿದ್ದವರಿಗೆ ಇದೇನಾಯಿತೆಂದು ಅವನಿಗೂ ಕುತೂಹಲ. ಅಝರ್ ಹಾಡು ಬೇರೆ ಗುನುಗುತ್ತಿದ್ದ.

ಐದು ಇಪ್ಪತ್ತಕ್ಕೆ ಕೆಲಸವೆಲ್ಲ ಮುಗಿದು ಮೇಜುಗಳು ಖಾಲಿ.

ಸಬೀನಾ ಮೇಡಂ ಬಂದರು. “ವಯರು ಎಳೆದದ್ದು ನೀವಲ್ವಾ ವಿಶ್ವೇಶ್? ಕ್ಯಾಬಿನ್ನಿನ ಗಾಜಿನಿಂದ ನೋಡಿದೆ.”

ವಿಶ್ವೇಶ ವಯರನ್ನು ಕಾಲಿನಿಂದ ಮೇಜಿನಡಿಗೆ ತಳ್ಳಿದ.

“ಒಳ್ಳೆ ತಲೆ. ಪ್ರಿಂಟಿನ ಚಟವೇ ಬಿಡಿಸಿದ್ರಿ. ಮನೆಗೆ ಹೋಗ್ಲಿಕ್ಕೆ ಇಷ್ಟು ಆಸೆ ಇರುವವರನ್ನು ನಾನು ನೋಡಿಲ್ಲ. ನಾಳೆಯಿಂದ ನೀವು ಇಲ್ಲಿಗೆ ಬರುವುದೇ ಬೇಡ.”

“ಕೆಲಸದಿಂದ ತೆಗೆದ್ರಾ ಮೇಡಂ?”

“ಛೆ, ಮನೆಯಿಂದಲೇ ಮಾಡಿ. ನಿಮ್ಮ ಮನೆಯವರಿಗೆ ಫೋನ್ ಮಾಡಿ ಹೇಳಿಯೂ ಆಯ್ತು. ತಾಳಕ್ಕೆ ಜನ ಸಿಕ್ಕಿತು ಅಂತ ಅವರಿಗೆ ಖುಷಿಯೇ ಖುಷಿ. ಬೆಳಿಗ್ಗೆಯೂ ಒಂದು ಕ್ಲಾಸ್ ಶುರು ಮಾಡ್ತಾರಂತೆ.” ಅವರು ಹೊಸ ಲ್ಯಾಪ್‌ಟಾಪಿನ ಚೀಲ ಮುಂದೆ ಹಿಡಿದರು.

ವಿಶ್ವೇಶ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

“ನನಗೆ ಬೇಡ.”