ಮೂವತ್ತೆಂಟು ನೋಟ

ತೊಂದರೆಗೆಲ್ಲ ಕಾರಣ ಮೂವತ್ತೆಂಟು ಎಂಬ ಸಂಖ್ಯೆ. ಬೆಳಿಗ್ಗೆ ಹಲ್ಲುಜ್ಜುತ್ತ ಫೋನ್ ನೋಡಿದ ಗಣಿತದ ಮೇಷ್ಟ್ರಿಗೆ ತಮ್ಮ ಭಿನ್ನರಾಶಿ ವಿಡಿಯೋದ ಕೆಳಗೆ ಅದು ಕಂಡಿತು. ಮೂವತ್ತೆಂಟು ವೀಕ್ಷಣೆ. ತರಗತಿಯ ಮಕ್ಕಳೂ ಸರಿಯಾಗಿ ಮೂವತ್ತೆಂಟು. ಬಾಯಿ ಮುಕ್ಕಳಿಸುವುದನ್ನೂ ಮರೆತು ಅವರು ಸುದ್ದಿಯನ್ನು ‘ತಲೆಕೆಳಗಾದ ತರಗತಿ’ ಗುಂಪಿಗೆ ಹಾಕಿದರು.

ಅದು ಫೋನಿನಲ್ಲೇ ಸೇರುವ ಶಿಕ್ಷಕರ ಗುಂಪು. ಮಕ್ಕಳು ಮನೆಯಲ್ಲಿ ವಿಡಿಯೋ ನೋಡಿ ಪಾಠ ಕಲಿಯಬೇಕು, ಲೆಕ್ಕವನ್ನು ಶಾಲೆಯಲ್ಲಿ ಬಿಡಿಸಬೇಕು, ತರಗತಿಯಲ್ಲಿ ಮೇಷ್ಟ್ರು ಪಾಠ ಮಾಡಕೂಡದು ಎಂಬುದು ಅಲ್ಲಿನ ಕಟ್ಟಳೆ. ಗುಂಪಿನಲ್ಲಿ ಅರ್ಧ ಜನ ಚಪ್ಪಾಳೆ ತಟ್ಟುವವರು, ಉಳಿದರ್ಧ ಸಲಹೆ ಕೊಡುವವರು. ಒಬ್ಬರು ಮಾತ್ರ ಸದ್ದಿಲ್ಲದೆ ಓದಿಕೊಂಡಿರುತ್ತಿದ್ದರು. ಅವರು ಮೇಷ್ಟ್ರ ಶಾಲೆಯ ಹೆಡ್‌ಮಿಸ್ಟ್ರೆಸ್.

“ಅಷ್ಟೂ ಮಕ್ಕಳು ನೋಡಿದಾರಾ ಮೇಷ್ಟ್ರೇ? ಮೂರನೇ ಪೀರಿಯಡ್‌ಗೆ ಬರ್ತೀನಿ,” ಎಂದರು ಅವರು ಗೇಟಿನಲ್ಲೇ. “ನಿಜ ಆದ್ರೆ ಊಟದ ಸಾಲು ಕಾಯೋ ಕೆಲಸದಿಂದ ನಿಮಗೆ ಬಿಡುಗಡೆ. ಇಲ್ದಿದ್ರೆ ವರ್ಷಪೂರ್ತಿ ನೀವೇ.”

ಊಟದ ಸಾಲು ಎಂದರೆ ನಾನೂರು ಮಕ್ಕಳು, ನಾನೂರು ತಟ್ಟೆ, ಒಂದೇ ನಲ್ಲಿ. ಎರಡು ವರ್ಷದಿಂದ ಮೇಷ್ಟ್ರು ಮಧ್ಯಾಹ್ನ ಬಿಸಿಯಾಗಿ ಉಂಡದ್ದಿಲ್ಲ.

ಮೂರನೇ ಪೀರಿಯಡ್. “ಯಾರ್ಯಾರು ನೋಡಿದೀರಿ?” ಹಿಂದಿನ ಬೆಂಚಿನಲ್ಲಿ ಕೂತ ಹೆಡ್‌ಮಿಸ್ಟ್ರೆಸ್‌ರನ್ನು ಕಂಡು ಎಲ್ಲ ಕೈಗಳೂ ಮೇಲೆದ್ದವು. ಎದೆಯುಬ್ಬಿದ ಮೇಷ್ಟ್ರು ಮುಂದಿನ ಬೆಂಚಿನ ಹುಡುಗಿಯನ್ನು ಬೋರ್ಡಿಗೆ ಕರೆದರು. ಅರ್ಧಕ್ಕೆ ಮೂರನೇ ಒಂದನ್ನು ಕೂಡಿಸಬೇಕಿತ್ತು. ಸೀಮೆಸುಣ್ಣ ಹಿಡಿದ ಅವಳು ಹೊಳೆ ಕಂಡ ಕರುವಿನಂತೆ ನಿಂತಳು.

ಮೇಷ್ಟ್ರು ಮೇಜಿನ ಮರೆಯಲ್ಲಿ ಫೋನ್ ಹಿಡಿದು ಗುಂಪನ್ನು ಕೇಳಿದರು. ‘ಕಾಯಿರಿ’ ಎಂದರೊಬ್ಬರು. ‘ಮೌನವೂ ಕಲಿಕೆಯೇ’ ಎಂದರು ಇನ್ನೊಬ್ಬರು. ಮೂರನೆಯವರು ಚಪ್ಪಾಳೆ ತಟ್ಟಿದರು.

“ಹೇಳಿಕೊಡ್ರೀ, ನಿಂತೇ ಇದೆ ಮಗು,” ಎಂದರು ಹೆಡ್‌ಮಿಸ್ಟ್ರೆಸ್.

“ಹೇಳಿಕೊಡೋ ಹಾಗಿಲ್ಲ ಮೇಡಂ. ಕಟ್ಟಳೆ.”

ಕೊನೆಗೆ ಹುಡುಗಿಗೇ ಕನಿಕರ ಬಂತು. “ಸರ್, ಯಾರೂ ನೋಡಿಲ್ಲ. ವಿಡಿಯೋ ನಮಗೆ ಬಂದೇ ಇಲ್ಲ.”

ಮೇಷ್ಟ್ರು ಫೋನ್ ತಡಕಿದರು. ವಿಡಿಯೋ ಮಕ್ಕಳ ಗುಂಪಿನ ಬದಲು ತಮ್ಮ ಮನೆಯವರ ಗುಂಪಿಗೆ ಹೋಗಿ ಎರಡು ದಿನವಾಗಿತ್ತು. ಅಲ್ಲಿರುವುದು ಐದೇ ಜನ. ಹಾಗಾದರೆ ಮೂವತ್ತೆಂಟು ಸಲ ನೋಡಿದ್ದು ಯಾರು? ಆ ಪ್ರಶ್ನೆಯನ್ನು ಹೊತ್ತುಕೊಂಡೇ ಅವರು ಊಟದ ಸಾಲು ಕಾದರು.

ಸಂಜೆ ಮನೆಯಲ್ಲಿ ಅತ್ತೆ ಎಂದಿಲ್ಲದ ಗೆಲುವಿನಲ್ಲಿದ್ದರು. “ಅಳಿಯಂದಿರೇ, ಮುಂದಿನ ಪಾಠ ಯಾವಾಗ ಹಾಕ್ತೀರಿ?”

“ನೋಡಿದ್ದು ನೀವಾ ಅತ್ತೆ?”

“ನೋಡೋದೆಲ್ಲಿ ಬಂತು. ನೀವು ಛೇದ ಅನ್ನೋಷ್ಟರಲ್ಲಿ ಕಣ್ಣು ಮುಚ್ಚಿ ಹೋಗುತ್ತೆ. ಎಚ್ಚರ ಆದ್ರೆ ಮತ್ತೆ ಒತ್ತೋದು. ನಿದ್ದೆ ಬರದ ನನ್ನ ಗೆಳತೀರಿಗೂ ಕಳಿಸಿದೀನಿ.”

“ನಮ್ಮಮ್ಮಂಗೆ ನಿಮ್ಮಿಂದ ಉಪಕಾರ ಆಗಿದ್ದು ಇದೇ ಮೊದಲು,” ಎಂದಳು ಹೆಂಡತಿ ಅಡುಗೆಮನೆಯಿಂದ.

ಅಷ್ಟರಲ್ಲಿ ಫೋನ್ ಗುಂಯ್‌ಗುಟ್ಟಿತು. ಹೆಡ್‌ಮಿಸ್ಟ್ರೆಸ್ ಬರೆದಿದ್ದರು: ‘ನಿಮ್ಮ ಅತ್ತೆ ಕಳಿಸಿದ ವಿಡಿಯೋ ಹಾಕ್ಕೊಂಡು ನಮ್ಮಮ್ಮ ಇವತ್ತು ಮಧ್ಯಾಹ್ನ ಮೂರು ಗಂಟೆ ಕದಲದೆ ಮಲಗಿದ್ರಂತೆ. ಶೇಕಡಾವಾರು ಪಾಠ ನಾಳೆಯೇ ಹಾಕಿ. ಊಟದ ಸಾಲು ಮುಗಿದ ಮೇಲೆ ನಿಮಗೆ ಹೇಗೂ ಬಿಡುವಿರುತ್ತಲ್ಲ.’