ಎಡಗಾಲಿನ ಚಪ್ಪಲಿ

ಲಾರಿಗೆ ಯಾರ ಕಣ್ಣೂ ಬೀಳದಿರಲೆಂದು ಶರಣಮ್ಮ ತನ್ನ ಎಡಗಾಲಿನ ಹಳೇ ಚಪ್ಪಲಿಯನ್ನು ಮುಂದಿನ ಬಂಪರಿಗೆ ಕಟ್ಟಿದ ಮೂರನೇ ವಾರಕ್ಕೆ ಲಾರಿ ಗುಜರಿಯಾಯಿತು.

ಪೀಣ್ಯದ ತಿರುವೊಂದರಲ್ಲಿ ಎದುರಿನಿಂದ ಬಂದ ಕೆಂಪು ಲಾರಿ ಅವಳ ಗಂಡ ಪಂಚಾಕ್ಷರಿಯ ಮಿನಿ ಲಾರಿಯ ಮೂತಿಗೆ ಮೂತಿ ಕೊಟ್ಟು ಗುದ್ದಿ, ಹಿಂದಕ್ಕೆ ಸರಿದು, ದಾರಿ ಕೇಳಲು ನಿಂತಿದ್ದವರ ಹಾಗೆ ಹೊರಟುಹೋಗಿತ್ತು. ಪಂಚಾಕ್ಷರಿಯ ಮೊಣಕೈ ತರಚಿತು, ಅಷ್ಟೇ. ಲಾರಿ ಮಾತ್ರ ಮುಷ್ಟಿಯಲ್ಲಿ ಹಿಸುಕಿದ ಹಪ್ಪಳವಾಗಿತ್ತು. ಮೆಕ್ಯಾನಿಕ್ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ರಿಪೇರಿ ಆಸೆ ಬಿಡಿ ಸಾರ್, ತೂಕಕ್ಕೆ ಹಾಕಿ" ಎಂದ. ತೂಕಕ್ಕೆ ಹಾಕಲೂ ಆಗಲಿಲ್ಲ. ಕೇಸು ಮುಗಿಯುವವರೆಗೆ ಅದು ಸಾಕ್ಷಿ ಎಂದು ಪೊಲೀಸರು ಎಳೆದುಕೊಂಡು ಹೋಗಿ ಠಾಣೆಯ ಅಂಗಳದ ಹೊಂಗೆ ಮರದ ಕೆಳಗೆ ನಿಲ್ಲಿಸಿದರು. ಎಷ್ಟು ಹುಡುಕಿದರೂ ಚಪ್ಪಲಿ ಮಾತ್ರ ಸಿಗಲಿಲ್ಲ.

ಕತೆಯ ರಾಕ್ಷಸನ ಜೀವ ಏಳು ಸಮುದ್ರದಾಚೆಯ ಗಿಳಿಯಲ್ಲಿದ್ದ ಹಾಗೆ ಪಂಚಾಕ್ಷರಿಯ ಜೀವ ಆ ಲಾರಿಯಲ್ಲಿತ್ತು. ಪೀಣ್ಯದ ಒಂದು ಫ್ಯಾಕ್ಟರಿಯಿಂದ ಬೊಮ್ಮಸಂದ್ರಕ್ಕೆ ದಿನಾ ಕಬ್ಬಿಣದ ಬಿಡಿಭಾಗ ಸಾಗಿಸಿ ಅವನು ಸಂಸಾರ ನಡೆಸುತ್ತಿದ್ದ. ತಿಂಗಳೊಪ್ಪತ್ತು ಕಾದ ಮ್ಯಾನೇಜರು, "ಸೋಮವಾರ ಬೆಳಗ್ಗೆ ಎಂಟಕ್ಕೆ ಗೇಟಲ್ಲಿ ಗಾಡಿ ಇರ್ಬೇಕು. ಇಲ್ಲಾಂದ್ರೆ ಬೇರೆಯವರಿಗೆ ಕೊಟ್ಬಿಡ್ತೀನಿ" ಎಂದು ಶನಿವಾರ ಹೇಳಿದ. ಆ ಸಂಜೆಯೇ ಶರಣಮ್ಮನ ಕೊರಳ ಸರ ಸೇಟು ಅಂಗಡಿ ಸೇರಿತು.

ಭಾನುವಾರ ಬೆಳಗ್ಗೆ ಪಂಚಾಕ್ಷರಿ ಸದ್ದಿಲ್ಲದೆ ಹಳೇ ಲಾರಿ ನೋಡಲು ಹೊರಟ. ಆದರೆ ಅವರಿದ್ದ ವಠಾರದಲ್ಲಿ ಸದ್ದಿಲ್ಲದೆ ಹೊರಡುವುದು ಬೆಕ್ಕಿಗೂ ಸಾಧ್ಯವಿರಲಿಲ್ಲ. ಮನೆ ಮಾಲೀಕಳಾದ ಲಕ್ಷ್ಮಮ್ಮ ಆಗಲೇ ಸೆರಗು ಸಿಕ್ಕಿಸಿಕೊಂಡು ಗೇಟಿನಲ್ಲಿ ನಿಂತಿದ್ದಳು.

"ಎಡಗಾಲಿಂದು ಕಟ್ಟಿದ್ದೇ ತಪ್ಪು ಕಣಮ್ಮಿ ಶರಣಿ. ಎಡಗಾಲಿಂದು ಕಟ್ಟಿದ್ರೆ ದೃಷ್ಟಿ ಓಗಕಿಲ್ಲ, ಬತ್ತದೆ. ಈ ಸಲ ಬಲಗಾಲಿಂದು ಕಟ್ಟು. ಗಾಡಿ ನೋಡಕ್ಕೆ ನಾನೂ ಬತ್ತೀನಿ ತಡಿ."

"ಬಲಗಾಲಿಂದು ಕಟ್ಟೇ ಕಟ್ತೀನ್ರೀ. ಒಂದ ಚಪ್ಪಲಿ ಇಟ್ಕೊಂಡು ನಾ ಏನು ಕುಂಟಬೇಕೇನ್ರಿ" ಎಂದಳು ಶರಣಮ್ಮ. ಆ ಜೋಡಿ ಅವಳ ತವರೂರು ಬಾಗಲಕೋಟೆಯದು. ಎರಡರ ಉಂಗುಷ್ಠಕ್ಕೂ ಚಮ್ಮಾರ ಹಳದಿ ತೊಗಲಿನ ತೇಪೆ ಹಾಕಿದ್ದ.

ಮೂರನೇ ಮನೆಯ ರೇವಣಸಿದ್ದ ಲೇತ್ ಮಷೀನ್ ಕೆಲಸದವನು. ಕಬ್ಬಿಣದ್ದು ಯಾವುದೇ ಇರಲಿ, ಸೂಜಿಯಿಂದ ರೈಲಿನವರೆಗೆ ತನಗೆ ಗೊತ್ತು ಎಂಬ ನಂಬಿಕೆ ಅವನದು. "ಎಂಜಿನ್ ನೋಡಾಕ ನಾ ಬೇಕಲ್ಲಣ್ಣ" ಎನ್ನುತ್ತ ಅವನೂ ಅಂಗಿ ಹಾಕಿಕೊಂಡ.

ಪಕ್ಕದ ಮನೆಯ ಹೆಡ್ ಕಾನ್‌ಸ್ಟೇಬಲ್ ಮಡಿವಾಳಪ್ಪನವರು ಮಾತ್ರ ಪಂಚಾಕ್ಷರಿಯನ್ನು ಕಂಡೊಡನೆ ಪೇಪರಿನ ಹಿಂದೆ ಅಡಗಿದರು. ಕೇಸು ಅವರ ಕೈಯಲ್ಲೇ ಇತ್ತು. ಆದರೂ ಪಂಚಾಕ್ಷರಿ ಬಿಡಲಿಲ್ಲ.

"ಕೆಂಪು ಲಾರಿ ಸಿಕ್ತೇನ್ರಿ ಸಾಹೇಬ್ರ?"

"ನಂಬರ್ ನೋಡಿಲ್ಲ, ಡ್ರೈವರ್ ಮುಖ ನೋಡಿಲ್ಲ, ಕೆಂಪು ಅಂತ ಬರ್ಸಿದೀಯ. ಬೆಂಗಳೂರಲ್ಲಿ ಕೆಂಪು ಲಾರಿ ಏನು ಒಂದಾ ಎರಡಾ? ಸಾಲದ್ದಕ್ಕೆ ನಮ್ಮ ದೊಡ್ಡ ಸಾಹೇಬರಿಗೆ ಅರ್ಜಿ ಬೇರೆ ಹಾಕಿದೀಯ. ದಿನಾ ಬೈಸ್ಕೊಳ್ತಿದೀನಿ ನಾನು."

"ಸಿಕ್ಕ ಕ್ಷಣಾನ ಹಿಡದು ಠಾಣೆದಾಗ ನಿಲ್ಲಸ್ರಿ. ಯಾರರ ಬಂದು ಕಾಲಿಗೆ ಬಿದ್ದು ಅತ್ರೂ ಬಿಡಬ್ಯಾಡ್ರಿ."

"ಬಿಡಲ್ಲ ಹೋಗಯ್ಯ, ಮಾತು ಕೊಟ್ಟಿದೀನಿ" ಎಂದು ಮಡಿವಾಳಪ್ಪ ಪೇಪರು ಮಗುಚಿದರು.

ತುಮಕೂರು ರಸ್ತೆಯ ಬದಿಯ ಖಾಲಿ ಸೈಟಿನಲ್ಲಿ ಹಳೇ ಲಾರಿಗಳು ಸಂತೆಯ ಎತ್ತುಗಳ ಹಾಗೆ ಸಾಲಾಗಿ ನಿಂತಿದ್ದವು. ಬ್ರೋಕರ್ ವಿನಾಯಕ್ ಬಾಯಲ್ಲಿದ್ದ ಬೀಡಾ ಉಗಿದು ಓಡಿಬಂದ. ಕೊಳ್ಳುವವನು ಒಬ್ಬ, ನೋಡುವವರು ಮೂವರು ಎಂಬುದು ಅವನಿಗೆ ಹೊಸದಲ್ಲ.

ಮೊದಲು ತೋರಿಸಿದ್ದು ಕೆಂಪು ಲಾರಿ. ಶರಣಮ್ಮ ಮುಖ ತಿರುಗಿಸಿದಳು. "ಕೆಂಪು ಬ್ಯಾಡ್ರಿ. ನಮ್ಮ ಲಾರಿ ಕೊಂದದ್ದು ಕೆಂಪು ಲಾರಿನ."

"ಸಾವಿನ ಬಣ್ಣ" ಎಂದು ಲಕ್ಷ್ಮಮ್ಮ ಒಪ್ಪಿಗೆಯ ಮುದ್ರೆ ಒತ್ತಿದಳು. ಹೀಗೆ ಒಂದೇ ಏಟಿಗೆ ಸೈಟಿನ ಅರ್ಧ ಲಾರಿಗಳು ಪಂಕ್ತಿಯಿಂದ ಎದ್ದವು.

ಎರಡನೆಯದು ನೀಲಿ. ಲಕ್ಷ್ಮಮ್ಮ ನಂಬರ್ ಪ್ಲೇಟಿನ ಅಂಕೆಗಳನ್ನು ಬೆರಳು ಮಡಚಿ ಕೂಡಿಸಿದಳು. ಎಂಟು ಬಂತು. "ಶನಿ" ಎಂದಳು. ವಿನಾಯಕ್ ತಾನೂ ಕೂಡಿಸಿ, "ಒಂಬತ್ತು ಬರತ್ತೆ ಅಮ್ಮಾ" ಎಂದ. "ನೀನು ಮಾರೋನು, ನಿಂಗೆ ಒಂದು ಜಾಸ್ತಿನೇ ಬತ್ತದೆ" ಎಂದು ಲಕ್ಷ್ಮಮ್ಮ ಮುಂದೆ ನಡೆದಳು.

ಮೂರನೆಯದು ಹಳದಿ. ಅದಕ್ಕೆ ಎಲ್ಲರೂ ಒಪ್ಪಿದರು. ರೇವಣಸಿದ್ದ ಆಯಿಲ್ ಕಡ್ಡಿ ಎಳೆದು, ಬೆರಳಿಗೆ ಹಚ್ಚಿಕೊಂಡು ಮೂಸಿ, ಸಾರಿನ ಉಪ್ಪು ನೋಡುವವನ ಹಾಗೆ ಕಣ್ಣು ಮುಚ್ಚಿ, "ಎಂಜಿನ್ ಬಂಗಾರ ಐತಿ" ಎಂದ. ನಾಲ್ವರೂ ಹತ್ತಿ ಒಂದು ಸುತ್ತು ಹೊರಟರು. ಎರಡು ಫರ್ಲಾಂಗು ಹೋಗುವಷ್ಟರಲ್ಲಿ ಬಂಗಾರ ಕೆಮ್ಮಿತು, ಹೊಗೆ ಬಿಟ್ಟಿತು, ನಿಂತಿತು. ಸುಡುಬಿಸಿಲಿನಲ್ಲಿ ಮೂವರು ಅದನ್ನು ವಾಪಸು ತಳ್ಳಿಕೊಂಡು ಬಂದರು. ಲಕ್ಷ್ಮಮ್ಮ ಮಾತ್ರ ಬಾಗಿಲು ತೆಗೆಯಲು ಬಾರದೆ ಮೇಲೆಯೇ ಕೂತು, ಉತ್ಸವಮೂರ್ತಿಯ ಹಾಗೆ ಎರಡೂ ಕಡೆ ನೋಡುತ್ತ ಬಂದಳು.

ಹೊತ್ತು ಇಳಿಯತೊಡಗಿತ್ತು. ಪಂಚಾಕ್ಷರಿಯ ಕಣ್ಣಮುಂದೆ ಫ್ಯಾಕ್ಟರಿಯ ಗೇಟು, ಅದರೊಳಗೆ ಬೇರೆ ಯಾರದೋ ಗಾಡಿ ಸಾಗುವುದು ಕಾಣಿಸಿತು. "ಇನ್ನೊಂದರ ಇದ್ರ ತೋರಸಪಾ" ಎಂದು ಅಂಗಲಾಚಿದ.

ವಿನಾಯಕ್ ಒಂದು ಕ್ಷಣ ಯೋಚಿಸಿ, ಶೆಡ್ಡಿನ ಹಿಂದಕ್ಕೆ ಕರೆದುಕೊಂಡು ಹೋದ. ಅಲ್ಲಿ ಗಿಳಿಹಸಿರು ಬಣ್ಣದ ಲಾರಿಯೊಂದು ಮದುವೆಗೆ ಸಿಂಗರಿಸಿದಂತೆ ನಿಂತಿತ್ತು.

"ಒಬ್ಬರೇ ಓನರ್ ಸಾರ್. ಅರ್ಜೆಂಟಲ್ಲಿ ಊರಿಗೆ ಹೋಗ್ತಿದಾರೆ, ಅದಕ್ಕೇ ಕೊಡ್ತಿರೋದು. ಮೊನ್ನೆ ತಾನೇ ಪೇಂಟು ಮಾಡ್ಸಿದಾರೆ. ಸಕ್ಕತ್ ಗಾಡಿ."

ನಂಬರು ಕೂಡಿಸಿದರೆ ಆರು ಬಂತು. "ಲಕ್ಷ್ಮಿ" ಎಂದಳು ಲಕ್ಷ್ಮಮ್ಮ, ತನ್ನನ್ನೇ ಕರೆದ ಹಾಗೆ ಹಿಗ್ಗಿ. ಎಂಜಿನ್ನು ಒಂದೇ ತಿರುವಿಗೆ ಹೊತ್ತಿಕೊಂಡಿತು. ರೇವಣಸಿದ್ದ ಈ ಸಲ ಮೂಸುವ ಗೋಜಿಗೆ ಹೋಗದೆ ಬಾನೆಟ್ಟನ್ನು ಗುದ್ದಿ ನೋಡಿ, "ಗಟ್ಟಿ ಐತಿ ಅಣ್ಣ. ಯಾರಿಗರ ಗುದ್ದಿದ್ರೂ ಇದಕ್ಕೇನೂ ಆಗೂದಿಲ್ಲ" ಎಂದ.

ಸರದ ದುಡ್ಡು ಕೈ ಬದಲಾಯಿತು. ಕಾಗದಕ್ಕೆ ಸಹಿ ಬಿತ್ತು. ಪಂಚಾಕ್ಷರಿ ತಾನೇ ಓಡಿಸಿಕೊಂಡು ವಠಾರದ ಮುಂದೆ ನಿಲ್ಲಿಸಿದಾಗ ಇನ್ನೂ ಬೆಳಕಿತ್ತು.

ಪೂಜೆಗೆ ಎಲ್ಲರೂ ಸೇರಿದರು. ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟದ್ದಾಯಿತು, ಬಾನೆಟ್ಟಿಗೆ ವಿಭೂತಿ ಪಟ್ಟೆ ಬಳಿದದ್ದಾಯಿತು. ಸಜ್ಜಿಗೆಯ ವಾಸನೆ ಹಿಡಿದು ಮಡಿವಾಳಪ್ಪನವರೂ ಬನಿಯನ್ನಿನ ಮೇಲೆ ಟವೆಲ್ಲು ಹೊದ್ದು ಬಂದರು. ಪಂಚಾಕ್ಷರಿ ತಾನೇ ಅವರ ಕೈಗೆ ಎಲೆ ಕೊಟ್ಟ. ಅಂದು ಅವನು ಕೆಂಪು ಲಾರಿಯ ಮಾತು ಎತ್ತಲಿಲ್ಲ. ಅದಕ್ಕೆ ಅವರು ಎರಡು ಸಲ ಹಾಕಿಸಿಕೊಂಡರು.

"ಬಲಗಾಲಿಂದು ತಾನೇ ತಂದಿರೋದು?" ಎಂದು ಲಕ್ಷ್ಮಮ್ಮ ಪರೀಕ್ಷಿಸಿದಳು.

ಶರಣಮ್ಮ ಬಲಗಾಲಿನ ಚಪ್ಪಲಿಯನ್ನು ಎತ್ತಿ ತೋರಿಸಿ, ದಾರ ಹಿಡಿದು ಬಂಪರಿನ ಮುಂದೆ ಕುಕ್ಕರಗಾಲಲ್ಲಿ ಕೂತಳು. ದಾರ ಹಾಯಿಸಲು ಬಂಪರಿನ ಹಿಂದೆ ಕೈ ಹಾಕಿದವಳಿಗೆ ಏನೋ ಮೆತ್ತಗೆ ತಾಗಿತು. ಎಳೆದಳು, ಬರಲಿಲ್ಲ. ಕಾಲು ಕೊಟ್ಟು ಜಗ್ಗಿದಳು. ಕಿತ್ತುಕೊಂಡು ಬಂದದ್ದು ಒಂದು ಚಪ್ಪಲಿ. ಪೇಂಟು ಮಾಡಿದವನು ಬಿಡಿಸುವ ಉಸಾಬರಿಗೆ ಹೋಗದೆ ಅದರ ಮೇಲೂ ಒಂದು ಕೈ ಹಸಿರು ಬಳಿದಿದ್ದ. ಮರೆಯಲ್ಲಿದ್ದ ಅರ್ಧದಲ್ಲಿ ಹಳದಿ ತೇಪೆ ಹಾಗೇ ಇತ್ತು.

"ಅಯ್ಯ, ನೋಡ್ರಿಲ್ಲೆ" ಎಂದು ಶರಣಮ್ಮ ಮುಖವರಳಿಸಿ ಎರಡೂ ಚಪ್ಪಲಿಗಳನ್ನು ಜೋಡಿಸಿ ಎತ್ತಿ ಹಿಡಿದಳು. "ನನ್ನ ಎಡಗಾಲಿಂದು. ಸಿಕ್ತು."

ಮಡಿವಾಳಪ್ಪನವರ ಬಾಯಿಗೆ ಹೋಗುತ್ತಿದ್ದ ಸಜ್ಜಿಗೆ ದಾರಿಯಲ್ಲೇ ನಿಂತಿತು. ಅವರು ಎಲೆಯನ್ನು ರೇವಣಸಿದ್ದನ ಕೈಗಿತ್ತು, ಮುಂದೆ ಬಂದು, ಚಪ್ಪಲಿ ಕಿತ್ತ ಜಾಗವನ್ನು ಬಗ್ಗಿ ನೋಡಿ, ಬಂಪರನ್ನು ಬೀಗದ ಕೈಯಿಂದ ಮೆಲ್ಲಗೆ ಕೆರೆದರು. ಹಸಿರಿನ ಕೆಳಗೆ ಕೆಂಪು ಕಾಣಿಸಿತು. ಇನ್ನೊಂದು ಕಡೆ ಕೆರೆದರು. ಅಲ್ಲೂ ಕೆಂಪು.

"ಪಂಚಾಕ್ಷರಿ, ನಿನ್ನ ಕೇಸು ಪತ್ತೆ ಆಯ್ತಯ್ಯ" ಎಂದರು, ಮಗನ ಮದುವೆ ನಿಶ್ಚಯವಾದವರ ದನಿಯಲ್ಲಿ.

"ಸಾಹೇಬ್ರ, ಅದು... ಯಾರ ಚಪ್ಪಲಿನೋ ಏನೋ..."

"ಕೀ ಕೊಡು."

"ನಾಳೆ ಎಂಟಕ್ಕ ಗೇಟಿನ್ಯಾಗ ಗಾಡಿ ಇರಬೇಕ್ರಿ. ಒಂದ ಟ್ರಿಪ್ ಹೊಡದು ನಾನಾ ತಂದು ಒಪ್ಪಸ್ತೀನ್ರಿ" ಎಂದು ಪಂಚಾಕ್ಷರಿ ಬಗ್ಗಿ ಅವರ ಕಾಲು ಹಿಡಿದ.

"ಯಾರು ಬಂದು ಕಾಲಿಗೆ ಬಿದ್ದು ಅತ್ತರೂ ಬಿಡ್ಬೇಡಿ ಅಂತ ಬೆಳಗ್ಗೆ ಯಾರಪ್ಪ ಹೇಳಿದ್ದು? ಮಾತು ಕೊಟ್ಟಿದೀನಿ ನಾನು. ಅದೂ ಅಲ್ದೆ ನಿನ್ನದೇ ಅರ್ಜಿ ದೊಡ್ಡ ಸಾಹೇಬರ ಟೇಬಲ್ ಮೇಲಿದೆ."

ಬ್ರೋಕರನ್ನು ಹುಡುಕಿಕೊಂಡು ರೇವಣಸಿದ್ದ ಸೈಕಲ್ಲಿನಲ್ಲಿ ಹೋಗಿಬಂದ. ಶೆಡ್ಡಿಗೆ ಬೀಗ ಬಿದ್ದಿತ್ತು.

ಠಾಣೆಯವರೆಗೆ ಲಾರಿಯನ್ನು ಪಂಚಾಕ್ಷರಿಯೇ ಓಡಿಸಬೇಕಾಯಿತು. ಮಡಿವಾಳಪ್ಪನವರಿಗೆ ಗಾಡಿ ಓಡಿಸಲು ಬರುತ್ತಿರಲಿಲ್ಲ. ಹೊಂಗೆ ಮರದ ಕೆಳಗೆ ಹಳೇ ಲಾರಿಯ ಪಕ್ಕದಲ್ಲಿ, ಮೂತಿಗೆ ಮೂತಿ ತಾಗದ ಹಾಗೆ ಎಚ್ಚರದಿಂದ ನಿಲ್ಲಿಸಿ ಇಳಿದ. ಕೇಸು ಎಷ್ಟು ದಿನ ಆದೀತೆಂದು ಕೇಳಿದ್ದಕ್ಕೆ, ಅದು ಕೋರ್ಟಿಗೆ ಬಿಟ್ಟದ್ದು ಎಂದರು ಮಡಿವಾಳಪ್ಪ.

ಹಿಂದೆಯೇ ಬರಿಗಾಲಲ್ಲಿ ನಡೆದುಬಂದಿದ್ದ ಶರಣಮ್ಮ ಅವರು ತಂದು ಠಾಣೆಯ ಮೇಜಿನ ಮೇಲಿಟ್ಟಿದ್ದ ತನ್ನ ಚಪ್ಪಲಿಗಳನ್ನು ನೋಡಿದಳು. ಲಾರಿ ಹೋಯಿತು, ಸರ ಹೋಯಿತು. ಜೋಡಿಯಾದರೂ ಕೂಡಿತಲ್ಲ ಎಂದು ಕೈ ನೀಡಿದಳು.

ಮಡಿವಾಳಪ್ಪ ಎರಡನ್ನೂ ಒಂದೇ ದಾರದಲ್ಲಿ ಬಿಗಿದು, ಚೀಟಿ ಅಂಟಿಸಿ, ಕಪಾಟಿನೊಳಗಿಟ್ಟು ಬೀಗ ಹಾಕಿದರು.

"ಮುಟ್ಬೇಡಮ್ಮ. ಸಾಕ್ಷಿ."